ಐದಕ್ಕೆ ಐದು

"ಒಂದಿಬ್ಬರಿಗಾದರೂ ಆಸಕ್ತಿ ಸ್ವಲ್ಪ ಕಮ್ಮಿ ಮಾಡ್ರೀ. ಮೂವತ್ತೆಂಟಕ್ಕೆ ಮೂವತ್ತೆಂಟು ಮಕ್ಕಳಿಗೂ ವಿಜ್ಞಾನದ ಹುಚ್ಚು ಅಂದ್ರೆ ಯಾರು ನಂಬ್ತಾರೆ?"

ಹೀಗಂದವರು ಮೇಷ್ಟ್ರ ಹೆಂಡತಿ. ಊಟದ ಮೇಜಿನ ಮೇಲೆ ಹರಡಿದ್ದ ಹಾಳೆಗಳಲ್ಲಿ ಹದಿನೇಳನೆಯದರ ಮೇಲೆ ಎಡಗೈಯಲ್ಲಿ ಗುರುತು ಹಾಕುತ್ತಿದ್ದರು. ಎಡಗೈ ಯಾಕೆಂದರೆ, ಬಲಗೈ ಬರಹ ಆಗಲೇ ಎಂಟು ಮಕ್ಕಳಿಗೆ ಖರ್ಚಾಗಿತ್ತು.

ಮೇಷ್ಟ್ರು ತಲೆ ಎತ್ತಲಿಲ್ಲ. ಯಾರಿಗೆ ಅಂತ ಕಮ್ಮಿ ಮಾಡೋದು, ಎಲ್ಲರೂ ನನ್ನ ಮಕ್ಕಳೇ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಮ್ಮಿ ಮಾಡಿದ ಅನ್ನೋ ಮಾತು ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ನನ್ನ ಮೇಲೆ ಬಂದಿಲ್ಲ ಅಂದರು. ನೋಡಿ, ಖೋಟಾ ಬರೆಯುವಾಗಲೂ ಪಕ್ಷಪಾತ ಮಾಡದ ಮನುಷ್ಯ. ಎಲ್ಲರಿಗೂ ಐದಕ್ಕೆ ಐದು ಹಾಕಿದರು.

ಹಾಳೆಗಳು ಬಂದದ್ದು ಶಿಕ್ಷಣ ಕಚೇರಿಯಿಂದ. ಎಂಟನೇ ತರಗತಿಯ ಮಕ್ಕಳಿಗೆ ವಿಜ್ಞಾನ ಕಲಿಯುವ ಆಸಕ್ತಿ ಎಷ್ಟಿದೆ ಅಂತ ಅಳೆಯುವುದಕ್ಕೆ. ಒಂದೊಂದು ಹಾಳೆಯಲ್ಲೂ ಇಪ್ಪತ್ತು ವಾಕ್ಯ. ಪ್ರತಿ ವಾಕ್ಯದ ಮುಂದೆ ಒಂದರಿಂದ ಐದರವರೆಗೆ ಚೌಕ. 'ನಾನು ವಿಜ್ಞಾನದ ತರಗತಿಗಾಗಿ ಕಾಯುತ್ತೇನೆ' ಎಂಬುದಕ್ಕೆ 'ಇಲ್ಲವೇ ಇಲ್ಲ' ಅನ್ನುವವರು ಒಂದು, 'ಬಹಳವಾಗಿ' ಅನ್ನುವವರು ಐದು. ಜೊತೆಗೊಂದು ಸುತ್ತೋಲೆ: ಸರಾಸರಿ ಮೂರಕ್ಕಿಂತ ಕೆಳಗಿಳಿದ ಶಾಲೆಯಲ್ಲಿ ವಿಜ್ಞಾನದ ಹುದ್ದೆ ರದ್ದು, ಮೇಷ್ಟ್ರನ್ನು ಎಲ್ಲಿ ಜಾಗ ಖಾಲಿಯಿದೆಯೋ ಅಲ್ಲಿಗೆ ಕಳಿಸಲಾಗುವುದು.

ಮೇಷ್ಟ್ರು ಮೊದಲು ಪ್ರಾಮಾಣಿಕವಾಗಿಯೇ ಮಕ್ಕಳ ಕೈಯಲ್ಲಿ ಬರೆಸಿದ್ದರು. ಬಂದ ಸರಾಸರಿ ಒಂದೂಕಾಲು. ಆ ಕಾಲು ಭಾಗದಲ್ಲೂ ಅಷ್ಟಿಷ್ಟು ಒಬ್ಬ ಹುಡುಗ ಕನ್ನಡಕ ಮರೆತು ಬಂದು ತಪ್ಪು ಚೌಕಕ್ಕೆ ಗುರುತು ಹಾಕಿದ್ದರಿಂದ ಬಂದದ್ದು. 'ವಿಜ್ಞಾನದ ತರಗತಿಯಲ್ಲಿ ನನಗೆ ಇಷ್ಟವಾದದ್ದು ಒಂದಾದರೂ ಇದೆ' ಅನ್ನುವುದರ ಮುಂದೆ ಒಬ್ಬ ಚೌಕ ಬಿಟ್ಟು 'ಗಂಟೆ' ಅಂತ ಬರೆದಿದ್ದ. 'ಪ್ರಯೋಗ ಮಾಡುವಾಗ ನನಗೆ ಸಂತೋಷವಾಗುತ್ತದೆ' ಅನ್ನುವ ವಾಕ್ಯದ ಪಕ್ಕ ಇನ್ನೊಬ್ಬಳು ಅಚ್ಚುಕಟ್ಟಾಗಿ 'ಮಾಡಿದ ಮೇಲೆ ಹೇಳುತ್ತೇನೆ' ಅಂತ ಬರೆದಿದ್ದಳು.

ಅವಳದೇನೂ ತಪ್ಪಿರಲಿಲ್ಲ. ಶಾಲೆಯ ಪ್ರಯೋಗಾಲಯಕ್ಕೆ ಹತ್ತೊಂಬತ್ತು ವರ್ಷದಿಂದ ಬೀಗ. ಹಳೇ ಹೆಡ್‌ಮಾಸ್ಟರು ನಿವೃತ್ತರಾಗುವಾಗ ಬೀಗದ ಕೈ ಕೊಟ್ಟು, ನನ್ನ ಕಾಲದಲ್ಲಿ ಒಂದು ಗಾಜೂ ಒಡೆದಿಲ್ಲ, ಆ ಮಾತು ಉಳಿಸಿಕೊಳ್ಳಿ ಅಂದಿದ್ದರು. ಮೇಷ್ಟ್ರು ಉಳಿಸಿಕೊಂಡರು. ಮಕ್ಕಳು ಒಳಗೆ ಹೋದರೆ ತಾನೇ ಗಾಜು ಒಡೆಯುವುದು? ಊರಲ್ಲಿ ಅವರಿಗೆ 'ಬೀಗದ ಮೇಷ್ಟ್ರು' ಅಂತಲೇ ಹೆಸರು. ಅವರು ಅದನ್ನು ಜವಾಬ್ದಾರಿಗೆ ಸಿಕ್ಕ ಮರ್ಯಾದೆ ಅಂದುಕೊಂಡಿದ್ದರು. ಪಾಠವೆಲ್ಲ ಪ್ರಶ್ನೋತ್ತರ: ಇವರು ಹೇಳುವುದು, ಅವರು ಬರೆದುಕೊಳ್ಳುವುದು, ಪರೀಕ್ಷೆಯಲ್ಲಿ ಹಾಗೇ ವಾಪಸು ಕೊಡುವುದು.

ಇಷ್ಟಕ್ಕೇ ಒಬ್ಬ ಮನುಷ್ಯ ಖೋಟಾ ಬರೆಯುವುದಿಲ್ಲ. ಹೆಂಡತಿಯ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆರಡು ಸಲ ಯಂತ್ರಕ್ಕೆ ಹಾಕಿ ರಕ್ತ ತೊಳೆಸಬೇಕು. ಯಂತ್ರವಿರುವ ಆಸ್ಪತ್ರೆ ಎರಡು ಬೀದಿ ಆಚೆ. ಮೇಷ್ಟ್ರು ಬೆಳಿಗ್ಗೆ ಕೈಹಿಡಿದು ಕರೆದುಕೊಂಡು ಹೋಗಿ ಮಲಗಿಸಿ, ಎರಡು ಪಾಠ ಮುಗಿಸಿ, ಮತ್ತೆ ಹೋಗಿ ಕರೆತರುತ್ತಿದ್ದರು. ಜಾಗ ಖಾಲಿಯಿದ್ದದ್ದು ಎರಡು ಬಸ್ಸು, ಒಂದು ದೋಣಿ ದಾಟಿ ಹೋಗಬೇಕಾದ ಒಂದು ಶಾಲೆಯಲ್ಲಿ ಮಾತ್ರ. ಅಲ್ಲಿ ಆಸ್ಪತ್ರೆ ಹಾಗಿರಲಿ, ತಲೆನೋವಿನ ಮಾತ್ರೆಗೂ ದೋಣಿ ಹತ್ತಬೇಕಂತೆ. ಆದ್ದರಿಂದ ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಕೂತು ಏಳು ಬಣ್ಣದ ಪೆನ್ನಿನಲ್ಲಿ ಮೂವತ್ತೆಂಟು ಮಕ್ಕಳ ಮನಸ್ಸು ಬರೆದರು. ಹೆಂಡತಿಯ ಕೈ ಒಂದೊಂದು ಸಲ ನಡುಗುತ್ತಿತ್ತು. ಅಂಥ ಹಾಳೆಗಳೇ ಮಕ್ಕಳ ಬರಹದ ಹಾಗೆ ಕಂಡವು.

ಮೂರು ವಾರಕ್ಕೆ ಸುದ್ದಿ ಬಂತು. ತಂದವನು ಶಿಕ್ಷಣ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮೇಷ್ಟ್ರ ಭಾವಮೈದ. ಹುದ್ದೆ ಉಳಿಯಿತು, ಅದು ಸರಿ. ಆದರೆ ಕಚೇರಿಯ ಇತಿಹಾಸದಲ್ಲೇ ಐದಕ್ಕೆ ಐದು ತೆಗೆದ ತರಗತಿ ಇನ್ನೊಂದಿಲ್ಲವಂತೆ. ದೊಡ್ಡ ಸಾಹೇಬರು ಸಭೆಯಲ್ಲಿ ಎದ್ದುನಿಂತು ಓದಿದರಂತೆ. ಮೂವತ್ತೆಂಟೂ ಬರಹ ಒಂದೇ ಥರ ಇದೆಯಲ್ಲ ಅಂತ ಯಾರೋ ತಕರಾರು ತೆಗೆದದ್ದಕ್ಕೆ, ಅದು ಶಿಸ್ತಿನ ಲಕ್ಷಣ ಅಂತ ಷರಾ ಬರೆದರಂತೆ. ಈಗ ಇಂಥ ಆಸಕ್ತಿ ಎಲ್ಲಿಂದ ಹುಟ್ಟಿತು ಅಂತ ತಿಳಿಯಲು ಒಬ್ಬ ಸಂಶೋಧಕಿಯನ್ನು ಕಳಿಸುತ್ತಾರಂತೆ, ಒಂಬತ್ತು ದಿನ ಬಿಟ್ಟು.

ಹೆಂಡತಿ ಗಂಡನ ಮುಖ ನೋಡಿದರು. ನಾನು ಹೇಳಲಿಲ್ವಾ ಅಂತ ಬಾಯಿಬಿಟ್ಟು ಹೇಳುವುದು ಅವರ ಜಾಯಮಾನವಲ್ಲ. ಕಣ್ಣಲ್ಲೇ ಹೇಳಿ, ಎದ್ದು ತಮ್ಮನಿಗೆ ಚಹಾ ಮಾಡಲು ಹೋದರು.

ಹೆಡ್‌ಮಾಸ್ಟರು ಒಳ್ಳೆಯವರು; ಒಳ್ಳೆಯ ಸುದ್ದಿ ಬಂದರೂ ಹೆದರುವವರು. ಮೊದಲು ಶಾಲೆಗೆ ಸುಣ್ಣ ಹೊಡೆಸಿದರು, ಆಮೇಲೆ ಏನು ವಿಷಯ ಅಂತ ಕೇಳಿದರು. ಅಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು. ಪಕ್ಕದ ಮನೆ ದರ್ಜಿ ಅಂಗಿಯ ಅಳತೆ ತೆಗೆಯುವ ನೆಪದಲ್ಲಿ ಕರೆದು, ನಮ್ಮ ಮಗಳು ಏಳೂವರೆಗೂ ಹಾಸಿಗೆ ಬಿಡಲ್ಲ, ನೀವು ಆ ಮಕ್ಕಳಿಗೆ ಏನು ಕುಡಿಸ್ತೀರಿ ಮೇಷ್ಟ್ರೇ ಅಂತ ಪಿಸುಗುಟ್ಟಿದ. ಕ್ಷೌರದವನು ಸರದಿ ತಪ್ಪಿಸಿ ಇವರನ್ನು ಮುಂದೆ ಕೂರಿಸಿದ. ಹಿಂದಿನ ಬೀದಿಯ ತಾಯಿಯೊಬ್ಬಳು ಸೀಮೆಸುಣ್ಣ ತಿನ್ನುವ ಮಗುವನ್ನು ಎತ್ತಿಕೊಂಡು ಬಂದು, ಇದಕ್ಕೂ ವಿಜ್ಞಾನದ ಒಲವಿದ್ದ ಹಾಗಿದೆ, ಒಮ್ಮೆ ನೋಡಿ ಅಂದಳು. ಮೇಷ್ಟ್ರು ನೋಡಿದರು. ಗಂಭೀರವಾಗಿ ತಲೆ ಆಡಿಸಿದರು ಕೂಡ. ಹೊಗಳಿಕೆ ಅನ್ನುವುದು ಹಾಗೇ ತಾನೇ; ಮೂರನೆಯ ದಿನಕ್ಕೆ ಅವರೇ ಅರ್ಧ ನಂಬಿಬಿಟ್ಟಿದ್ದರು.

ಉಳಿದರ್ಧ ನಿದ್ದೆ ಕೊಡುತ್ತಿರಲಿಲ್ಲ. ಹಾಗಾಗಿ ತಾಲೀಮು ಶುರುವಾಯಿತು. ವಿಜ್ಞಾನ ಯಾಕೆ ಕಲಿಯುತ್ತೀರಿ ಅಂತ ಇವರು ಕೇಳಬೇಕು, ಪ್ರಶ್ನಿಸುವ ಮನೋಭಾವ ಬೆಳೆಸಿಕೊಳ್ಳಲು ಅಂತ ಮಕ್ಕಳು ಒಂದೇ ಸ್ವರದಲ್ಲಿ ಹೇಳಬೇಕು. ನಾಲ್ಕನೆಯ ದಿನ ಮಧ್ಯದ ಬೆಂಚಿನ ಹುಡುಗ ಎದ್ದು, ಪ್ರಶ್ನಿಸುವ ಮನೋಭಾವ ಅಂದ್ರೆ ಏನು ಸಾರ್ ಅಂತ ಕೇಳಿದ. ನಡುವೆ ಪ್ರಶ್ನೆ ಕೇಳಿದ್ದಕ್ಕೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಲಾಯಿತು.

ಕೊನೆಯ ಬೆಂಚಿನಲ್ಲಿ, ಕಿಟಕಿ ಪಕ್ಕ, ಒಬ್ಬ ಹುಡುಗಿ ಕೂರುತ್ತಿದ್ದಳು. ಬಾವಿಯ ಹೂಳು ತೆಗೆಯುವವನ ಮಗಳು. ಹಿಂದಿನ ವರ್ಷ ಅಪ್ಪ ಬಾವಿಯಲ್ಲೇ ಹೋದ. ಆ ಮೇಲೆ ಅವಳು ತರಗತಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬರುತ್ತಿದ್ದಳು, ಕೂರುತ್ತಿದ್ದಳು, ಹೋಗುತ್ತಿದ್ದಳು. ಮೇಷ್ಟ್ರಿಗೆ ಅವಳ ಮೇಲೆ ಕನಿಕರವಿತ್ತು. ಆ ಕನಿಕರದಲ್ಲೇ, ನೀನು ಹೇಳಬೇಡಮ್ಮ, ಉಳಿದವರು ಹೇಳುವಾಗ ಸುಮ್ಮನೆ ತುಟಿ ಆಡಿಸು ಸಾಕು ಅಂದರು. ಕಚೇರಿಯವರ ಕಣ್ಣಿಗೆ ಬೀಳದಿರಲಿ ಅಂತ ಅವಳ ಮುಂದೆ ತರಗತಿಯಲ್ಲೇ ಎತ್ತರದವಳನ್ನು ಕೂರಿಸಿದರು.

ಸಂಶೋಧಕಿಯಾಗಿ ಬಂದವಳು ನೆಗಡಿ ಹಿಡಿದ, ಮೃದು ದನಿಯ ಒಬ್ಬ ಹೆಂಗಸು. ಕೈಯಲ್ಲಿ ದೊಡ್ಡ ಚೀಲ, ಚೀಲದ ತುಂಬ ಚೌಕಗಳಿದ್ದ ಹಾಳೆ. ಹೆಡ್‌ಮಾಸ್ಟರು ತೋರಿಸಿದ ಹೂಕುಂಡ ನೋಡಲಿಲ್ಲ, ಮುಂದಿನ ಸಾಲಿನಲ್ಲಿ ಹಾಕಿಸಿದ್ದ ಕುರ್ಚಿಯ ಮೇಲೆ ಕೂರಲಿಲ್ಲ. ಮಕ್ಕಳು ಒಂದೇ ಸ್ವರದಲ್ಲಿ ಹೇಳಿದ್ದನ್ನು ಮುಗುಳ್ನಗುತ್ತಾ ಕೇಳಿಸಿಕೊಂಡಳು. ಆಮೇಲೆ ಮೂಗೊರೆಸಿಕೊಳ್ಳುತ್ತಾ ನೇರ ಕೊನೆಯ ಬೆಂಚಿಗೆ ಹೋಗಿ, ನೀನು ಹೇಳಲಿಲ್ವಲ್ಲ ಪುಟ್ಟಿ, ನಿನಗೆ ಯಾಕೆ ಕಲೀಬೇಕು ಅನ್ಸುತ್ತೆ ಅಂತ ಕೇಳಿದಳು. ಹೆಡ್‌ಮಾಸ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಹುಡುಗಿ ಎದ್ದಳು. ಮೊದಲು ಅಭ್ಯಾಸದಂತೆ ಬರೀ ತುಟಿ ಆಡಿತು. ಆಮೇಲೆ ದನಿ ಬಂತು. ನೋಡಿದ್ದು ಮಾತ್ರ ಸಂಶೋಧಕಿಯನ್ನಲ್ಲ, ಮೇಷ್ಟ್ರನ್ನು.

"ಸಾರ್, ದೀಪ ಯಾಕೆ ಮೊದಲು ಆರಿತು?"

ಯಾವ ದೀಪ ಅಂತ ಮೇಷ್ಟ್ರು ಕೇಳಿದರು.

ಅವಳು ಹೇಳಿದಳು. ಅಪ್ಪ, ಚಿಕ್ಕಪ್ಪ ಯಾವಾಗಲೂ ಹೂಳು ಎಷ್ಟಿದೆ ನೋಡಲು ಮೊದಲು ಹಗ್ಗದಲ್ಲಿ ದೀಪ ಇಳಿಬಿಡುತ್ತಿದ್ದರು. ಅವತ್ತು ಅರ್ಧಕ್ಕೇ ಆರಿತು. ಗಾಳಿಗೆ ಆರಿರಬೇಕು ಅಂತ ಅಪ್ಪ ಬೆಂಕಿಪೊಟ್ಟಣ ಹಿಡಿದುಕೊಂಡು ಇಳಿದ. ಮೇಲೆ ಎಳೆದಾಗ ಪೊಟ್ಟಣ ಮುಷ್ಟಿಯಲ್ಲೇ ಇತ್ತು. ಅಜ್ಜಿ ಹಣೆಬರಹ ಅಂದಳು, ಚಿಕ್ಕಪ್ಪ ಬಾವಿಯಲ್ಲಿ ಏನೋ ಇದೆ ಅಂದ. ಅವಳಿಗೆ ಎರಡೂ ಸಮಾಧಾನ ಕೊಟ್ಟಿರಲಿಲ್ಲ.

ಮೇಷ್ಟ್ರು, ಅದು ಆಮ್ಲಜನಕದ ಕೊರತೆ ಕಣಮ್ಮ, ದಹನಕ್ಕೆ ಆಮ್ಲಜನಕ ಬೇಕು, ಹೋದ ವರ್ಷ ಪಾಠದಲ್ಲಿ ಬಂದಿದೆಯಲ್ಲ ಅಂದರು.

"ಬಂದಿದೆ ಸಾರ್. ಅರ್ಧವಾರ್ಷಿಕದಲ್ಲಿ ಅದೇ ಪ್ರಶ್ನೆ. 'ಆಮ್ಲಜನಕವಿಲ್ಲದೆಡೆ ದೀಪ ಆರುತ್ತದೆ. ಆಮ್ಲಜನಕವಿಲ್ಲದೆಡೆ ಜೀವಿಗಳು ಬದುಕಲಾರವು.' ನಾನು ಬರೆದಿದ್ದೆ. ನೀವು ಐದಕ್ಕೆ ಐದು ಕೊಟ್ಟಿದ್ರಿ. ಅದಾಗಿ ಹದಿನೈದು ದಿನಕ್ಕೆ ಅಪ್ಪ ಇಳಿದಿದ್ದು. ದೀಪ ಆರಿದಾಗ ನಾನು ಬಾವಿ ಕಟ್ಟೆ ಮೇಲೇ ಕೂತಿದ್ದೆ." ಅಂದಳು. "ಐದಕ್ಕೆ ಐದು ಬಂದಿತ್ತಲ್ಲ ಸಾರ್. ಹಾಗಿದ್ರೆ ನನಗೆ ಗೊತ್ತಿತ್ತು ಅಂತಲ್ವಾ? ಗೊತ್ತಿದ್ದೂ ನಾನು ಅಪ್ಪಂಗೆ ಯಾಕೆ ಹೇಳಲಿಲ್ಲ?"

ಇಪ್ಪತ್ತೊಂಬತ್ತು ವರ್ಷದಲ್ಲಿ ಮೇಷ್ಟ್ರು ಎಷ್ಟೋ ಪ್ರಶ್ನೆಗೆ ಉತ್ತರ ಬರೆಸಿದ್ದರು. ಸೀಮೆಸುಣ್ಣ ಕೈಯಲ್ಲಿ ಹಿಡಿದು ಬೋರ್ಡಿನ ಕಡೆ ತಿರುಗಿದರು, ಮತ್ತೆ ಮಕ್ಕಳ ಕಡೆ ತಿರುಗಿದರು. ಸಂಶೋಧಕಿಯ ಕಣ್ಣಲ್ಲಿ ನೀರಿತ್ತು. ನೆಗಡಿಯದ್ದೋ ಏನೋ, ಹೇಳಲಾರೆ. ಕೈಯಲ್ಲಿದ್ದ ಹಾಳೆಯಲ್ಲಿ ಈ ಮಾತು ಬರೆದುಕೊಳ್ಳಲು ಜಾಗ ಹುಡುಕಿದಳು. ಇರಲಿಲ್ಲ, ಎಲ್ಲ ಚೌಕಗಳೇ. ಕೊನೆಗೆ ತಗ್ಗಿದ ದನಿಯಲ್ಲಿ, ಹಾಗಾದರೆ ನಿನ್ನ ಆಸಕ್ತಿ ಐದು ಅಂತ ಹಾಕಿಕೊಳ್ಳಲಾ ಅಂತ ಕೇಳಿದಳು. ಹುಡುಗಿ, ಹಾಕ್ಕೊಳ್ಳಿ ಅಂದಳು.

ಮಾರನೆಯ ದಿನ ಪ್ರಯೋಗಾಲಯದ ಬೀಗ ತೆಗೆಯಲು ಹೋದರೆ ಕೈ ತಿರುಗಲಿಲ್ಲ. ಹತ್ತೊಂಬತ್ತು ವರ್ಷ ಉಳಿಸಿಕೊಂಡ ಮಾತು, ಅಷ್ಟು ಸುಲಭಕ್ಕೆ ಬಿಟ್ಟೀತೇ? ಜವಾನ ಕಲ್ಲು ತಂದು ಜಜ್ಜಿದ. ಒಳಗೆ ಗಾಜಿನ ಸಾಮಾನೆಲ್ಲ ಧೂಳಿನ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿತ್ತು. ಮೇಷ್ಟ್ರು ಒಂದು ಆಳದ ಜಾಡಿ ತೊಳೆದು, ತಳಕ್ಕೆ ಸೋಡಾಪುಡಿ ಹಾಕಿ, ಮೇಲೆ ವಿನೆಗರ್ ಸುರಿದರು. ನೊರೆ ಎದ್ದು ಇಳಿಯಿತು. ಜಾಡಿ ನೋಡಲು ಖಾಲಿ. ತಂತಿಗೆ ಕಟ್ಟಿದ ಮೇಣದಬತ್ತಿ ಹಚ್ಚಿ ನಿಧಾನ ಇಳಿಬಿಟ್ಟರು. ಅರ್ಧ ಇಳಿಯುವಷ್ಟರಲ್ಲಿ ಯಾರೋ ಎರಡು ಬೆರಳಲ್ಲಿ ಹಿಸುಕಿದ ಹಾಗೆ ದೀಪ ಆರಿತು. ಮೂವತ್ತೆಂಟು ಮಕ್ಕಳು ಬಾಯಿ ತೆರೆದು ನೋಡಿದರು. ನಿಜ ಹೇಳಬೇಕೆಂದರೆ ನೋಡಿದವರು ಮೂವತ್ತೊಂಬತ್ತು. ಆ ಪಾಠವನ್ನು ಅಷ್ಟು ವರ್ಷ ಹೇಳಿದ ಮೇಷ್ಟ್ರೂ ಅದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

ಗಾಳಿಗಿಂತ ತೂಕದ ಅನಿಲ ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತೆ, ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ ಅಂದರು ಮೇಷ್ಟ್ರು. ದೀಪಕ್ಕೆ ನಮಗಿಂತ ಮೊದಲು ತಿಳಿಯುತ್ತೆ. ಹುಡುಗಿ ಇನ್ನೊಂದು ಸಲ ಮಾಡಿ ಅಂದಳು. ಹನ್ನೊಂದು ಸಲ ಮಾಡಿದರು. ಹನ್ನೊಂದನೆಯದನ್ನು ಅವಳೇ ಮಾಡಿದಳು.

ಆಮೇಲೆ ಊರಲ್ಲಿ ಒಂದು ಮನೆಯಲ್ಲೂ ದೀಪ ನೆಟ್ಟಗೆ ಉರಿಯಲಿಲ್ಲ. ಮಕ್ಕಳು ಕೊಳಗದಲ್ಲಿ, ನೀರಿನ ಡ್ರಮ್ಮಿನಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮೇಣದಬತ್ತಿ ಇಳಿಬಿಟ್ಟು ನೋಡುತ್ತಿದ್ದವು. ದರ್ಜಿಯ ಮಗಳು ಅಜ್ಜಿಯ ಪೆಟ್ಟಿಗೆಯೊಳಗೆ ಇಳಿಬಿಟ್ಟಳು. ಅಲ್ಲಿ ಆಮ್ಲಜನಕ ಧಾರಾಳವಾಗಿತ್ತು. ಅಜ್ಜಿಯ ಎರಡು ಸೀರೆ ಸುಟ್ಟವು. ದರ್ಜಿ ಸುಟ್ಟ ಸೆರಗನ್ನು ಬಾವುಟದ ಹಾಗೆ ಹಿಡಿದುಕೊಂಡು ಬಂದು, ನಿಮಗೆ ಕೈಮುಗಿತೀನಿ ಮೇಷ್ಟ್ರೇ, ಏಳೂವರೆವರೆಗೂ ಮಲಗ್ತಿದ್ದಳಲ್ಲ, ಆ ಹಳೇ ಮಗಳನ್ನೇ ವಾಪಸು ಕೊಡಿ ಅಂದ. ಪಾಠ ಮುಗಿದರೂ ಮಕ್ಕಳು ಏಳುತ್ತಿರಲಿಲ್ಲ. ಒಬ್ಬಳು ಆಸ್ಪತ್ರೆಯ ಯಂತ್ರ ರಕ್ತವನ್ನು ಹೇಗೆ ತೊಳೆಯುತ್ತೆ ಅಂತ ಕೇಳಿದಳು. ಮೇಷ್ಟ್ರಿಗೆ ಗೊತ್ತಿರಲಿಲ್ಲ, ಹೆಂಡತಿಯನ್ನು ಕೇಳಿದರು. ಎರಡು ವರ್ಷದಿಂದ ಅದರ ಪಕ್ಕ ಮಲಗಿದ್ದ ಆಕೆ ಅರ್ಧ ಗಂಟೆ ವಿವರಿಸಿದರು. ಕೊನೆಗೆ, ನೀವು ಇಷ್ಟು ದಿನ ಕೇಳಿರಲಿಲ್ಲ ನೋಡಿ ಅಂದರು.

ಆ ತಿಂಗಳ ಕೊನೆಗೆ ಆದೇಶ ಬಂತು. ಹೆಡ್‌ಮಾಸ್ಟರು ಬಾಗಿಲು ಮುಚ್ಚಿ ಓದಿದರು. ಆಮೇಲೆ ಕಿಟಕಿಯನ್ನೂ ಮುಚ್ಚಿ ಇನ್ನೊಮ್ಮೆ ಓದಿದರು. 'ಸದರಿ ಶಾಲೆಯ ವಿದ್ಯಾರ್ಥಿಗಳಲ್ಲಿ ವಿಜ್ಞಾನ ಕಲಿಕೆಯ ಆಸಕ್ತಿಯು ಗರಿಷ್ಠ ಮಟ್ಟದಲ್ಲಿದ್ದು, ಅದು ಮನೆಯ ವಾತಾವರಣದಿಂದಲೇ ಸಹಜವಾಗಿ ಮೂಡಿರುವುದು ಪರಿಶೀಲನೆಯಿಂದ ದೃಢಪಟ್ಟಿದೆ. ಇಷ್ಟು ಆಸಕ್ತಿಯುಳ್ಳ ಮಕ್ಕಳಿಗೆ ಪ್ರತ್ಯೇಕ ಶಿಕ್ಷಕರ ಅವಶ್ಯಕತೆ ಕಂಡುಬರುವುದಿಲ್ಲ. ಆದ್ದರಿಂದ ಸದರಿ ಶಿಕ್ಷಕರನ್ನು ಆಸಕ್ತಿ ಅತಿ ಕಡಿಮೆಯಿರುವ ಶಾಲೆಗೆ ವರ್ಗಾಯಿಸಲಾಗಿದೆ.' ಶಾಲೆ ಯಾವುದು ಅಂತ ಬೇರೆ ಹೇಳಬೇಕಿಲ್ಲ. ಎರಡು ಬಸ್ಸು, ಒಂದು ದೋಣಿ.

ಮನೆಯ ವಾತಾವರಣ. ಬಾವಿಯೊಳಗೆ ಒಬ್ಬ ಮನುಷ್ಯ ಉಸಿರುಕಟ್ಟಿ ಸತ್ತದ್ದು ಸರ್ಕಾರಿ ಭಾಷೆಗೆ ಬರುವ ಹೊತ್ತಿಗೆ ಅಷ್ಟು ಶುಭ್ರವಾಗಿತ್ತು.

ಮೇಷ್ಟ್ರು ಭಾವಮೈದನ ಕಚೇರಿಗೆ ಓಡಿದರು. ಖೋಟಾ ಬರೆದವನು ನಾನೇ ಅಂತ ಒಪ್ಪಿಕೊಳ್ಳುತ್ತೇನೆ ಅಂದರು. ಭಾವಮೈದ ಅವರನ್ನು ಕಡತಗಳ ಬೀರುವಿನ ಹಿಂದಕ್ಕೆ ಎಳೆದುಕೊಂಡು ಹೋಗಿ, ಒಪ್ಪಿಕೊಂಡ್ರೆ ನೌಕರಿಯೇ ಹೋಗುತ್ತೆ, ಸುಮ್ಮನಿದ್ರೆ ಊರು ಮಾತ್ರ ಹೋಗುತ್ತೆ, ಎರಡರಲ್ಲಿ ಯಾವುದು ಬೇಕು ಭಾವ ಅಂದ. ಆಮೇಲೆ ತಲೆ ಕೆರೆದುಕೊಂಡು ಒಂದು ದಾರಿ ಹೇಳಿದ: ಮರು ಅಳತೆಗೆ ಅವಕಾಶವಿದೆ. ಮಕ್ಕಳ ಕೈಯಲ್ಲೇ ಮತ್ತೆ ಬರೆಸಿ. ಸರಾಸರಿ ಮೂರೂವರೆಗೆ ಇಳಿದರೆ ಸಾಕು, ಹುದ್ದೆಯೂ ಉಳಿಯುತ್ತೆ, ಮೇಷ್ಟ್ರೂ ಬೇಕು ಅಂತಾಗುತ್ತೆ. ಜಾಸ್ತಿ ಇಳಿಸಬೇಡಿ, ಮೂರಕ್ಕಿಂತ ಕೆಳಗೆ ಹೋದ್ರೆ ಮತ್ತೆ ರದ್ದು. ಹೀಗಂದು ಖಾಲಿ ಹಾಳೆಗಳ ಕಟ್ಟನ್ನು ಅಂಗಿಯೊಳಗೆ ತುರುಕಿ ಕಳಿಸಿದ.

ತರಗತಿಯಲ್ಲಿ ಮೇಷ್ಟ್ರು ಹಾಳೆ ಹಂಚಿ, ನೀವು ಸ್ವಲ್ಪ ಕಡಿಮೆ ಆಸಕ್ತಿ ತೋರಿಸಿದರೆ ನಾನು ಇಲ್ಲೇ ಇರಬಹುದು ಅಂತ ಹೇಳಬೇಕಾಯಿತು. ಇಂಥ ಮಾತನ್ನು ಯಾವ ಮೇಷ್ಟ್ರೂ ಯಾವ ಕಾಲದಲ್ಲೂ ಆಡಿರಲಾರ. ಮಕ್ಕಳಿಗೆ ಅರ್ಥವಾದದ್ದೇ ತಡ, ಬೇಸರವನ್ನು ಮಹಾ ಉತ್ಸಾಹದಿಂದ ಬರೆಯತೊಡಗಿದವು. 'ಗಂಟೆ' ಬರೆದಿದ್ದ ಹುಡುಗ ಮುಂದಾಳು. ಯಾರು ಮೂರು ಹಾಕಬೇಕು, ಯಾರು ನಾಲ್ಕು, ಅಂತ ಅವನೇ ಸರಾಸರಿ ತೆಗೆದು ಹಂಚಿದ. ಪರಿಶೀಲನೆಗೆ ಮತ್ತೆ ಯಾರಾದರೂ ಬಂದರೆ ಹೇಗೆ ಆಕಳಿಸಬೇಕು ಅಂತಲೂ ತೋರಿಸಿಕೊಟ್ಟ. ಮೂವತ್ತೇಳು ಹಾಳೆ ಬಂದವು. ಕಿಟಕಿ ಪಕ್ಕದ ಹಾಳೆ ಖಾಲಿ.

ಮೇಷ್ಟ್ರು ಹತ್ತಿರ ಹೋದರು.

"ನಿಮಗೋಸ್ಕರ ಬರೀತೀನಿ ಸಾರ್," ಅಂದಳು ಹುಡುಗಿ. "ಬೇರೆ ಏನು ಬೇಕಾದ್ರೂ ಬರೀತೀನಿ. ಇದರಲ್ಲಿ ಅಪ್ಪನೂ ಇದ್ದಾನೆ. ಅದಕ್ಕೇ ಕೈ ಬರ್ತಿಲ್ಲ."

ಒಂದು ಹಾಳೆ ಇಲ್ಲದಿದ್ದರೂ ನಡೆಯುತ್ತಿತ್ತು. ಸರಾಸರಿ ಏನೂ ಕೆಡುತ್ತಿರಲಿಲ್ಲ. ಮೇಷ್ಟ್ರು ಮೂವತ್ತೇಳು ಹಾಳೆಗಳನ್ನು ಮೇಜಿನ ಮೇಲೆ ತಟ್ಟಿ ಅಂಚು ಸರಿಮಾಡಿದರು. ಮತ್ತೊಮ್ಮೆ ತಟ್ಟಿದರು. ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು.

ಹೆಂಡತಿ ಯಂತ್ರದಿಂದ ಬಂದು ಮಲಗಿದ್ದರು. ಮುಖ ಬಿಳುಚಿತ್ತು, ನಾಲಿಗೆ ಮಾತ್ರ ಸರಿಯಾಗಿತ್ತು.

"ಬರೆದ್ರಾ ಮಕ್ಕಳು?"

"ಬರೆದ್ರು."

"ನನ್ನ ತಮ್ಮನ ಕೈಗೆ ಕೊಟ್ರಾ?"

ಚೀಲ ಇನ್ನೂ ಮೇಷ್ಟ್ರ ಹೆಗಲ ಮೇಲೇ ಇತ್ತು, ಹಾಳೆಗಳು ಅದರೊಳಗೇ. ಹೆಂಡತಿ ಚೀಲ ನೋಡಿದರು. ಆಮೇಲೆ, ಅವತ್ತೇ ಒಂದಿಬ್ಬರಿಗೆ ಆಸಕ್ತಿ ಕಮ್ಮಿ ಮಾಡಿದ್ರೆ ಇಷ್ಟೆಲ್ಲ ಇರ್ತಿರಲಿಲ್ಲ ಅಂದರು. ಅದಾದ ಮೇಲೆ, ವಾರಕ್ಕೆರಡು ದಿನ ತಮ್ಮ ಕರಕೊಂಡು ಹೋಗಲಿ, ಭಾನುವಾರ ನೀವು ಬನ್ನಿ, ದೋಣಿಯಲ್ಲಿ ಅಂಚಿಗೆ ಕೂರಬೇಡಿ ಅಂದರು. ಗೋಡೆ ಕಡೆ ತಿರುಗಿ ಮಲಗಿದರು. ಭುಜ ಅಲುಗಿದ್ದನ್ನು ಮೇಷ್ಟ್ರು ನೋಡಿದರು. ನೋಡಿಲ್ಲವೆಂಬಂತೆ ಹೋಗಿ ಪೆಟ್ಟಿಗೆಗೆ ಬಟ್ಟೆ ತುಂಬಿದರು.

ಹೊರಡುವ ದಿನ ಭಾನುವಾರ. ಬೆಳಿಗ್ಗೆ ಪೆಟ್ಟಿಗೆ ಹಿಡಿದು ಬಾಗಿಲು ದಾಟುವಾಗ ಆ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಚಿಕ್ಕಪ್ಪ ಇವತ್ತು ಒಂದು ಹಾಳುಬಾವಿಗೆ ಇಳಿಯುತ್ತಾನೆ, ಆರು ವರ್ಷದಿಂದ ಮುಚ್ಚಿದ್ದ ಬಾವಿ. ದೀಪ ಆರಿದ್ರೆ ಇಳೀಬೇಡ ಅಂತ ಹೇಳಿದ್ದಕ್ಕೆ, ಹುಡುಗರ ಆಟ ಅಂದ. ನೀವು ಬಂದು ಹೇಳಿ, ಮೇಷ್ಟ್ರು ಹೇಳಿದ್ರೆ ಕೇಳ್ತಾನೆ ಅಂದಳು. ಮೇಷ್ಟ್ರು ಗಡಿಯಾರ ನೋಡಿಕೊಂಡರು. ಹತ್ತರ ಬಸ್ಸು ತಪ್ಪಿದರೆ ದೋಣಿ ತಪ್ಪುತ್ತಿತ್ತು. ದೋಣಿ ತಪ್ಪಿದರೆ ಸೋಮವಾರ ಹಾಜರಿ ಇಲ್ಲ. ಪೆಟ್ಟಿಗೆ ಹಿಡಿದುಕೊಂಡೇ ಅವಳ ಹಿಂದೆ ನಡೆದರು.

ಬಾವಿ ಒಂದು ದೊಡ್ಡ ಮನೆಯ ಹಿತ್ತಲಲ್ಲಿತ್ತು. ಮುಚ್ಚಳದ ಹಲಗೆ ಅದೇ ತಾನೇ ಕಿತ್ತಿದ್ದರು. ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಬಿಗಿದು ನಿಂತಿದ್ದ. ಮೇಷ್ಟ್ರನ್ನು ಕಂಡು ಬೀಡಿ ಬಿಸಾಡಿ, ನೀವು ಯಾಕೆ ಬರೋಕೆ ಹೋದ್ರಿ ಅಂತ ಮುಜುಗರಪಟ್ಟ. ಮೇಷ್ಟ್ರು ಪಾಠ ಹೇಳಲು ಬಾಯಿ ತೆಗೆದರು. ತಗ್ಗು, ಅನಿಲ, ತೂಕ ಅಂತ ಶುರುಮಾಡಿ ಎರಡನೆಯ ವಾಕ್ಯಕ್ಕೆ ನಿಲ್ಲಿಸಿದರು. ಹುಡುಗಿ ಅಷ್ಟರಲ್ಲಿ ದೀಪ ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಿದ್ದಳು. ಎಲ್ಲರೂ ಬಗ್ಗಿದರು. ಬೆಳಕು ಪಾಚಿಗಟ್ಟಿದ ಕಲ್ಲುಗಳನ್ನು ಒಂದೊಂದಾಗಿ ತೋರಿಸುತ್ತಾ ಇಳಿಯಿತು. ಏಳು ಸುತ್ತು, ಎಂಟು, ಒಂಬತ್ತು. ಹತ್ತನೆಯ ಸುತ್ತಿಗೆ ಕೆಂಪಾಯಿತು, ಚಿಕ್ಕದಾಯಿತು, ಇಲ್ಲವಾಯಿತು.

"ಗಾಳಿಗೆ ಆರಿರಬೇಕು," ಅಂದ ಮನೆಯ ಯಜಮಾನ. "ಇಳಿಯಯ್ಯ, ಮಧ್ಯಾಹ್ನದೊಳಗೆ ಮುಗಿಸಬೇಕು."

ಹುಡುಗಿ ತಲೆ ಎತ್ತಲಿಲ್ಲ. "ಬಾವಿ ಒಳಗೆ ಗಾಳಿ ಎಲ್ಲಿಂದ ಬೀಸುತ್ತೆ ಚಿಕ್ಕಪ್ಪ?"

ಚಿಕ್ಕಪ್ಪ ಬಾವಿಯೊಳಗೆ ನೋಡಿದ. ಹೋದ ವರ್ಷ ಅಣ್ಣನ ಹಗ್ಗ ಹಿಡಿದು ಕೂತಿದ್ದವನು ಅವನೇ. ಸೊಂಟದ ಗಂಟು ಬಿಗಿಯಾಗಿತ್ತು. ಬಿಚ್ಚಲು ಉಗುರು ಹಾಕಬೇಕಾಯಿತು. ಬಿಚ್ಚಿ, ಕಟ್ಟೆಯ ಮೇಲೆ ಕೂತುಬಿಟ್ಟ.

ಯಜಮಾನ ಸಿಟ್ಟಾಗಲಿಲ್ಲ. ಸಿಟ್ಟಾಗುವ ಅಗತ್ಯವೇನಿತ್ತು, ಫೋನ್ ತೆಗೆದ. ಆಚೆ ಬೀದಿಯಲ್ಲಿ ಇನ್ನೊಬ್ಬನಿದ್ದಾನೆ, ಅವನು ಇಂಥದ್ದಕ್ಕೆಲ್ಲ ಹೆದರುವವನಲ್ಲ ಅಂದ. ದೂರದಲ್ಲಿ ಹತ್ತರ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಮೇಷ್ಟ್ರು ಪೆಟ್ಟಿಗೆ ಕೆಳಗಿಟ್ಟು ಅದರ ಮೇಲೆ ಕೂತರು.

"ನಾನಿಲ್ದಿದ್ರೆ ಇನ್ನೊಬ್ಬ ಇಳೀತಾನೆ ಮೇಷ್ಟ್ರೇ," ಅಂದ ಚಿಕ್ಕಪ್ಪ.

"ಹೌದಪ್ಪ," ಅಂದರು ಮೇಷ್ಟ್ರು. "ಇಳೀತಾನೆ."

ಇನ್ನೊಬ್ಬ ಬಂದ. ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯ, ಹೆಗಲ ಮೇಲೆ ಹೊಸ ಹಗ್ಗದ ಸುರುಳಿ. ಚಪ್ಪಲಿ ಬಿಟ್ಟು, ಅಂಗಿ ಕಳಚಿ, ಬಾವಿಯ ಕಡೆ ನಡೆದ. ಹುಡುಗಿ ಆರಿದ ದೀಪವನ್ನು ಮೇಲೆಳೆದುಕೊಂಡಳು, ಬತ್ತಿ ಸರಿಮಾಡಿದಳು, ಕಡ್ಡಿ ಗೀರಿ ಹಚ್ಚಿದಳು. ಅವನಿಗೆ ಅಡ್ಡ ನಿಂತು, ದೀಪದ ಹಗ್ಗದ ತುದಿಯನ್ನು ಅವನ ಕೈಗೇ ಕೊಟ್ಟಳು.